ಚೆಕ್ ಎಂಜಿನ್ ದೀಪ ಹತ್ತಿತೇ? ಮನೆಯಲ್ಲೇ ಬೈಕ್ ಪರೀಕ್ಷಿಸಲು ಯಾವ ಉಪಕರಣ ಕೊಳ್ಳಬೇಕು

ಹೋದ ಮಳೆಗಾಲದಲ್ಲಿ ನಮ್ಮ ಭಾವನ 125 ಸಿಸಿ ಬೈಕಿನ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಗಾಡಿಯೇನೋ ಓಡುತ್ತಿತ್ತು. ಆದರೆ ಮೈಲೇಜ್ ಇಳಿದಿತ್ತು, ಸೈಲೆನ್ಸರಿನ ಹತ್ತಿರ ಹೋದರೆ ಹಸಿ ಪೆಟ್ರೋಲ್ ವಾಸನೆ. ಸರ್ವಿಸಿಗೆ ಬಿಟ್ಟರು. ಅಲ್ಲಿ ಗಾಡಿಯ ತಪ್ಪಿನ ಕೋಡ್ ಓದುವ ಸ್ಕ್ಯಾನರ್ ಹಾಕಿ ನೋಡಿ, "ಆಕ್ಸಿಜನ್ ಸೆನ್ಸರ್ ಹೋಗಿದೆ" ಎಂದು, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆ ಸೆನ್ಸರನ್ನು ಹೊಸದು ಕೂರಿಸಿದರು. ಬಿಲ್ಲು ಎರಡು ಸಾವಿರ ದಾಟಿತು. ಎಂಟು ದಿನ ಕಳೆದು ಒಂದು ಜೋರು ಮಳೆ ಬಂತು, ದೀಪ ಮತ್ತೆ ಹತ್ತಿತು.

ಆ ಭಾನುವಾರ ಅವರ ಮನೆಯ ಜಗಲಿಯಲ್ಲಿ ಸೀಟು, ಟ್ಯಾಂಕು ಎರಡನ್ನೂ ಬಿಚ್ಚಿ ಕೂತೆವು. ಸೆನ್ಸರಿನಿಂದ ಮೇಲಕ್ಕೆ ಬರುವ ವೈರಿನ ಸಿಪ್ಪೆಯನ್ನು ಇಲಿ ಕಡಿದಿತ್ತು. ಒಳಗಿನ ತಾಮ್ರ ಆಗೊಮ್ಮೆ ಈಗೊಮ್ಮೆ ಫ್ರೇಮಿಗೆ ತಾಗುತ್ತಿತ್ತು. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ನಮಗೆ ಇಲಿಯೂ ಸಿಗಲಿಲ್ಲ, ಅದರ ಹಲ್ಲಿನ ಗುರುತು ಸಿಕ್ಕಿತು. ಅದನ್ನು ಹಿಡಿದುಕೊಟ್ಟಿದ್ದು ವೋಲ್ಟೇಜ್, ಕರೆಂಟು ಅಳೆಯುವ ಆರುನೂರು ರೂಪಾಯಿಯ ಮಲ್ಟಿಮೀಟರ್. ಸರ್ವಿಸಿನವರ ದುಬಾರಿ ಸ್ಕ್ಯಾನರ್ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ ಕೋಡ್ ಪಿ0131, ಅಂದರೆ ಆಕ್ಸಿಜನ್ ಸೆನ್ಸರಿನ ಸಾಲಿನಲ್ಲಿ (ಸೆನ್ಸರ್, ಅದರ ವೈರು, ಕನೆಕ್ಟರ್ ಎಲ್ಲ ಸೇರಿದ ದಾರಿಯಲ್ಲಿ) ವೋಲ್ಟೇಜ್ ತೀರಾ ಕಡಿಮೆ. ಸಾಲಿನಲ್ಲಿ ಅಂದದ್ದನ್ನು ಸೆನ್ಸರಿನಲ್ಲಿ ಎಂದು ಓದಿಕೊಂಡದ್ದೇ ತಪ್ಪಾಯಿತು. ಕೋಡ್ ಹೇಳುವುದು ಬೀದಿಯ ಹೆಸರು. ಮನೆ ನಂಬರು ನಾವೇ ಹುಡುಕಬೇಕು.

ಅದಕ್ಕೇ, "ಯಾವ ಸ್ಕ್ಯಾನರ್ ತಗೊಳ್ಳಲಿ?" ಎಂದು ಯಾರಾದರೂ ಕೇಳಿದರೆ ನಾನು ಮೊದಲು ಮಲ್ಟಿಮೀಟರ್ ಇದೆಯಾ ಎಂದು ಕೇಳುತ್ತೇನೆ.

ಹೆಜ್ಜೆ 1: ನಿಮ್ಮ ಗಾಡಿ ಯಾವ ಕಾಲದ್ದು ನೋಡಿ

ಆರ್‌ಸಿ ತೆಗೆದು ತಯಾರಾದ ತಿಂಗಳು, ವರ್ಷ ನೋಡಿ. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಬಂತು. ಬಹುತೇಕ ಬೈಕು, ಸ್ಕೂಟರುಗಳು ಕಾರ್ಬುರೇಟರ್ ಬಿಟ್ಟು ಫ್ಯೂಯಲ್ ಇಂಜೆಕ್ಷನ್ನಿಗೆ ಬಂದದ್ದು ಆಗಲೇ. ತನ್ನ ತಪ್ಪನ್ನು ತಾನೇ ಗುರುತಿಸಿ ದೀಪ ಹಚ್ಚುವ ಓಬಿಡಿ ವ್ಯವಸ್ಥೆಯೂ ಅದರ ಜೊತೆಗೇ ಬಂತು. ಮೊದಲ ಹಂತದಲ್ಲಿ ಅದರ ಕೆಲಸ ಮುಖ್ಯವಾಗಿ ಸೆನ್ಸರಿನ ವೈರು ತುಂಡಾಗಿದೆಯೇ, ಶಾರ್ಟ್ ಆಗಿದೆಯೇ ಎಂದು ಕಾಯುವುದು. 2023ರ ಏಪ್ರಿಲ್‌ನಿಂದ ಎರಡನೇ ಹಂತ, 2025ರ ಏಪ್ರಿಲ್‌ನಿಂದ ಅದರ ಇನ್ನೂ ಬಿಗಿಯಾದ ರೂಪ ಜಾರಿಗೆ ಬಂದಿವೆ. ಗಾಡಿ ಹೊಸದಾದಷ್ಟೂ ಅದು ಹೇಳುವ ಮಾತು ಜಾಸ್ತಿ, ಸ್ಕ್ಯಾನರಿನ ಉಪಯೋಗವೂ ಜಾಸ್ತಿ.

ನಿಮ್ಮದು ಹಳೆಯ ಕಾರ್ಬುರೇಟರ್ ಗಾಡಿಯಾದರೆ ಸ್ಕ್ಯಾನರಿನ ಯೋಚನೆ ಈಗಲೇ ಬಿಡಿ. ಅದರಲ್ಲಿ ಓದಲು ಕೋಡೇ ಇಲ್ಲ. ಆ ದುಡ್ಡಿಗೆ ಒಂದು ಮಲ್ಟಿಮೀಟರ್, ಒಂದು ಟೈರ್ ಪ್ರೆಷರ್ ಗೇಜ್, ಆಸಕ್ತಿ ಇದ್ದರೆ ಎಂಜಿನ್ನಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಬರುತ್ತದೆ. ಕಂಪ್ರೆಷನ್ ಗೇಜ್ ಕೊಳ್ಳುವಾಗ 10 ಮಿ.ಮೀ. ಥ್ರೆಡ್ಡಿನ ಅಡಾಪ್ಟರ್ ಇದೆಯೇ ಕೇಳಿ. ಸಣ್ಣ ಬೈಕುಗಳ ಪ್ಲಗ್ ಹೆಚ್ಚಾಗಿ ಅದೇ ಅಳತೆ, ಕಾರಿಗೆಂದು ಮಾಡಿದ ಕಿಟ್‌ನಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ.

ಹೆಜ್ಜೆ 2: ಕಾಸು ಬಿಚ್ಚುವ ಮುಂಚೆ ದೀಪವನ್ನೇ ಓದಿ

ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಎರಡು ಮೂರು ಸೆಕೆಂಡ್ ಹತ್ತಿ ಆರಬೇಕು, ಕೆಲವು ಗಾಡಿಗಳಲ್ಲಿ ಎಂಜಿನ್ ಸ್ಟಾರ್ಟ್ ಆದ ಮೇಲೆ ಆರುತ್ತದೆ. ಹತ್ತಲೇ ಇಲ್ಲ ಎಂದರೂ ಸರಿಯಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದನ್ನು ತಪ್ಪದೆ ಗಮನಿಸಿ. ದೀಪದ ವೈರು ಕಿತ್ತು "ಏನೂ ತೊಂದರೆ ಇಲ್ಲ ಸಾರ್" ಎನ್ನುವ ಮಹಾನುಭಾವರೂ ಇದ್ದಾರೆ.

ಕೆಲವು ಕಂಪನಿಗಳ ಗಾಡಿಯಲ್ಲಿ ದೀಪ ಮಿಟುಕಿಸುವ ಲೆಕ್ಕದಲ್ಲೇ ಕೋಡ್ ಅಡಗಿರುತ್ತದೆ. ಹೋಂಡಾದ ಇಂಜೆಕ್ಷನ್ ಗಾಡಿಗಳಲ್ಲಿ ಇದು ಹಳೆಯ ಪದ್ಧತಿ. ಉದ್ದ ಮಿಟುಕು ಒಂದಕ್ಕೆ ಹತ್ತು, ಚಿಕ್ಕದಕ್ಕೆ ಒಂದು. ಎರಡು ಉದ್ದ, ಒಂದು ಚಿಕ್ಕದು ಬಂದರೆ 21, ಅದು ಆಕ್ಸಿಜನ್ ಸೆನ್ಸರಿನ ಸಾಲು. ಏಳು ಚಿಕ್ಕದು ಬಂದರೆ ಎಂಜಿನ್ ಬಿಸಿ ಅಳೆಯುವ ಸೆನ್ಸರ್, ಎಂಟಾದರೆ ಥ್ರಾಟಲ್ ಸೆನ್ಸರ್, ಒಂಬತ್ತಾದರೆ ಒಳಗೆ ಬರುವ ಗಾಳಿಯ ಬಿಸಿ, ಒಂದು ಉದ್ದ ಎರಡು ಚಿಕ್ಕದಾದರೆ ಇಂಜೆಕ್ಟರ್. ಕಣ್ಣಲ್ಲಿ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ಮಾಡಿಕೊಂಡು ನಿಧಾನಕ್ಕೆ ಎಣಿಸಿ. ನಿಮ್ಮ ಮಾಡೆಲ್ಲಿಗೆ ಈ ವ್ಯವಸ್ಥೆ ಇದೆಯೇ ಎಂದು ಸರ್ವಿಸ್ ಮ್ಯಾನ್ಯುಯಲ್ ನೋಡಿದರೆ ತಿಳಿಯುತ್ತದೆ. ಗಾಡಿಯ ಜೊತೆ ಕೊಡುವ ತೆಳ್ಳನೆ ಪುಸ್ತಕದಲ್ಲಿ ಸಾಮಾನ್ಯವಾಗಿ "ಡೀಲರ್ ಬಳಿ ಹೋಗಿ" ಎಂದಷ್ಟೇ ಬರೆದಿರುತ್ತದೆ.

ಹೆಜ್ಜೆ 3: ಮೊದಲ ಖರೀದಿ ಮಲ್ಟಿಮೀಟರ್

ಹಾರ್ಡ್‌ವೇರ್ ಅಂಗಡಿಯಲ್ಲಿ ಇನ್ನೂರು ಮುನ್ನೂರಕ್ಕೆ ಸಿಗುವ ಹಳದಿ ಬಣ್ಣದ ಪುಟ್ಟ ಮೀಟರೂ ಬ್ಯಾಟರಿ ವೋಲ್ಟೇಜ್ ತೋರಿಸುತ್ತದೆ. ಆದರೆ ಅದರ ವೈರು ಆರು ತಿಂಗಳಲ್ಲಿ ಕೈಗೆ ಬರುತ್ತದೆ. ಅದರ 10 ಆಂಪಿಯರ್ ತೂತಿಗೆ ಫ್ಯೂಸೇ ಇಲ್ಲದಿರುವುದೂ ಉಂಟು, ತಪ್ಪಿ ಜೋಡಿಸಿದರೆ ಕೈಯಲ್ಲೇ ಪಟಾಕಿ. ಆರುನೂರರಿಂದ ಸಾವಿರದೈನೂರರ ಒಳಗೆ ಒಂದು ಕೊಳ್ಳಿ. ನೋಡಬೇಕಾದದ್ದು ಇಷ್ಟು: ವೈರು ಸೇರಿದರೆ ಬೀಪ್ ಎನ್ನುವ ಕಂಟಿನ್ಯುಟಿ, ತಾನೇ ರೇಂಜ್ ಆರಿಸುವ ಆಟೊ ರೇಂಜ್, 10 ಆಂಪಿಯರಿಗೆ ಫ್ಯೂಸು, ಕನಿಷ್ಠ ಹಾಗೂ ಗರಿಷ್ಠ ಓದನ್ನು ನೆನಪಿಟ್ಟುಕೊಳ್ಳುವ ಗುಂಡಿ. ಕೊನೆಯದು ಎಲ್ಲದರಲ್ಲೂ ಇರುವುದಿಲ್ಲ, ಇದ್ದರೆ ನೂರಿನ್ನೂರು ಹೆಚ್ಚು ಕೊಡಬಹುದು. ಸ್ಟಾರ್ಟರ್ ಒತ್ತಿದ ಅರೆಕ್ಷಣದಲ್ಲಿ ಬ್ಯಾಟರಿ ಎಷ್ಟಕ್ಕೆ ಕುಸಿಯಿತು ಎಂಬುದು ಕಣ್ಣಿಗೆ ಸಿಗುವುದಿಲ್ಲ, ಆ ಗುಂಡಿ ಅದನ್ನು ಹಿಡಿದಿಡುತ್ತದೆ. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆಯಲ್ಲಿ ಕೈಯಲ್ಲಿ ಹಿಡಿದು ನೋಡಿ ಆರಿಸುವ ಭಾಗ್ಯ ಇದೆ. ಬೇರೆ ಊರಿನವರು ಟಿವಿ ರಿಪೇರಿ ಮಾಡುವವರನ್ನು ಎಲ್ಲಿ ಕೊಂಡರೆಂದು ಕೇಳಿ.

ಕೊಂಡ ದಿನವೇ, ಗಾಡಿ ಚೆನ್ನಾಗಿರುವಾಗಲೇ, ಈ ಓದುಗಳನ್ನು ತೆಗೆದು ಒಂದು ಪುಸ್ತಕದಲ್ಲಿ ಬರೆದಿಡಿ.

ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಅಥವಾ ಹೆಚ್ಚು ತೋರಿಸಿದರೆ ತುಂಬಿದೆ. 12.4 ಆದರೆ ಸುಮಾರು ಮುಕ್ಕಾಲು ಪಾಲು. 12ಕ್ಕೆ ಇಳಿದಿದ್ದರೆ ಅದು ಹೆಚ್ಚೂಕಡಿಮೆ ಖಾಲಿ. ಸೆಲ್ಫ್ ಒತ್ತಿದಾಗ 9.5ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮುದಿಯಾಗಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಎಂಜಿನ್ ಓಡುವಾಗ ಸ್ವಲ್ಪ ರೇಸ್ ಕೊಟ್ಟು ನೋಡಿದರೆ 13.5ರಿಂದ 14.5ರ ಒಳಗಿರಬೇಕು. 13 ದಾಟದಿದ್ದರೆ ಚಾರ್ಜಿಂಗ್ ಆಗುತ್ತಿಲ್ಲ. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಕೈಕೊಟ್ಟಿದೆ, ಆ ಗಾಡಿಯನ್ನು ಹಾಗೇ ಓಡಿಸಬೇಡಿ, ಬ್ಯಾಟರಿ ಮಾತ್ರವಲ್ಲ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್ ಆದ ಇಸಿಯು ಕೂಡ ಸುಡಬಹುದು.

ಇನ್ನೊಂದು ಪರೀಕ್ಷೆ ಇದೆ, ಬಹಳ ಮಂದಿ ಮಾಡುವುದೇ ಇಲ್ಲ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ತಾಗಿಸಿ. ಎಂಜಿನ್ ಓಡಿಸಿ ಹೆಡ್‌ಲೈಟ್ ಹಾಕಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥಿಂಗ್ ಸರಿಯಿಲ್ಲ. ತೀರ್ಥಹಳ್ಳಿ, ಸಾಗರದ ಕಡೆಯ ಮಳೆಯಲ್ಲಿ ನಾಲ್ಕು ತಿಂಗಳು ನೆನೆದ ಗಾಡಿಗಳಲ್ಲಿ ನಾನು ಕಂಡ ಅರ್ಧಕ್ಕರ್ಧ ತಕರಾರು ಇಲ್ಲೇ. ಬೋಲ್ಟ್ ಬಿಚ್ಚಿ ಕಿಲುಬು ಉಜ್ಜಿ ಬಿಗಿದರೆ ಮೂರು ಬೇರೆ ಬೇರೆ ಕೋಡುಗಳು ಒಟ್ಟಿಗೇ ಮಾಯವಾಗುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕೋಡುಗಳು ಒಂದೇ ದಿನ ಬಂದರೆ ಯಾವ ಸೆನ್ಸರನ್ನೂ ಬೈಯಬೇಡಿ. ಮೊದಲು ಬ್ಯಾಟರಿ, ಆಮೇಲೆ ಅರ್ಥಿಂಗ್ ನೋಡಿ.

ಆಂಪಿಯರ್ ಅಳೆಯಲು ಕಡ್ಡಿ ಬದಲಾಯಿಸಿದವರು ಕೆಲಸ ಮುಗಿದ ಕೂಡಲೇ ಮತ್ತೆ ವೋಲ್ಟಿನ ತೂತಿಗೇ ಹಾಕಿಡಿ. ಆಂಪಿಯರಿನಲ್ಲಿಟ್ಟು ಬ್ಯಾಟರಿಯ ಎರಡು ತುದಿ ಮುಟ್ಟಿಸುವುದು ಎಲ್ಲರೂ ಒಮ್ಮೆ ಮಾಡುವ ತಪ್ಪು. ನಾನು ಎರಡು ಸಲ ಮಾಡಿದ್ದೇನೆ.

ಹೆಜ್ಜೆ 4: ಕನೆಕ್ಟರ್ ಹುಡುಕಿ, ಕಾಲು ಎಣಿಸಿ

ಇಷ್ಟಾದ ಮೇಲೂ ಸ್ಕ್ಯಾನರ್ ಬೇಕೆನಿಸಿದರೆ, ಆರ್ಡರ್ ಮಾಡುವ ಮುಂಚೆ ನಿಮ್ಮ ಗಾಡಿಯಲ್ಲಿ ಸ್ಕ್ಯಾನರ್ ಚುಚ್ಚುವ ಡಯಾಗ್ನೋಸ್ಟಿಕ್ ಕನೆಕ್ಟರ್ ಎಲ್ಲಿದೆ, ಎಷ್ಟು ಪಿನ್ನಿನದು ನೋಡಿ. ಬೈಕಿನಲ್ಲಿ ಸಾಮಾನ್ಯವಾಗಿ ಸೀಟಿನ ಕೆಳಗೆ ಅಥವಾ ಸೈಡ್ ಪ್ಯಾನೆಲಿನ ಹಿಂದೆ, ಸ್ಕೂಟರಿನಲ್ಲಿ ಬ್ಯಾಟರಿಯ ಆಸುಪಾಸು. ರಬ್ಬರ್ ಅಥವಾ ಪ್ಲಾಸ್ಟಿಕ್ ಮುಚ್ಚಳ ಹಾಕಿಕೊಂಡು, ಯಾವುದಕ್ಕೂ ಜೋಡಿಸದೆ ಸುಮ್ಮನೆ ಜೋತಾಡುತ್ತಿರುವ ಕನೆಕ್ಟರ್ ಕಂಡರೆ ಬಹುಶಃ ಅದೇ.

ಕಾರಿನಲ್ಲಿರುವ ಅಗಲವಾದ 16 ಪಿನ್ನಿನ ಸಾಕೆಟ್ ಬೈಕಿನಲ್ಲಿ ಇರುವುದು ಅಪರೂಪ. ಹೊಸ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು ಕೆಂಪು ಬಣ್ಣದ 6 ಪಿನ್ನಿನ ಕನೆಕ್ಟರ್. ಯೂರೋ 5 ಜೊತೆ ಬಂದ ಐಎಸ್‌ಓ 19689 ಎಂಬ ಮಾನದಂಡದ್ದು. ಬೇರೆ ಆಕಾರದ 3, 4 ಪಿನ್ನಿನವೂ ಇವೆ. ಆರು ಪಿನ್ನಿನಿಂದ ಹದಿನಾರಕ್ಕೆ ಮಾಡುವ ಕೇಬಲ್ ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊಬೈಲಿನಲ್ಲಿ ಕನೆಕ್ಟರಿನ ಫೋಟೊ ತೆಗೆದುಕೊಂಡು, ಕೇಬಲ್ಲಿನ ಚಿತ್ರದ ಪಕ್ಕ ಇಟ್ಟು, ಪಿನ್ನುಗಳ ಸಾಲು ಮತ್ತು ಒಳಗಿನ ಕಚ್ಚು ಎರಡೂ ಹೊಂದುತ್ತವೆಯೇ ನೋಡಿ. "ಎಲ್ಲ ಬೈಕಿಗೂ ಆಗುತ್ತದೆ" ಎಂದು ಬರೆದಿದ್ದರೆ ಆ ಮಾತನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಹೆಜ್ಜೆ 5: ಬ್ಲೂಟೂತ್ ಅಡಾಪ್ಟರ್ ಆರಿಸುವುದು

ಅಗ್ಗದ ದಾರಿ ಎಂದರೆ ಇಎಲ್‌ಎಂ327 ಹೆಸರಿನ ಬೆಂಕಿಪೊಟ್ಟಣದ ಗಾತ್ರದ ಅಡಾಪ್ಟರ್ ಮತ್ತು ಮೊಬೈಲಿನ ಒಂದು ಆ್ಯಪ್. ಇಎಲ್‌ಎಂ327 ಮೂಲತಃ ಕೆನಡಾದ ಇಎಲ್‌ಎಂ ಎಲೆಕ್ಟ್ರಾನಿಕ್ಸ್ ಎಂಬ ಪುಟ್ಟ ಕಂಪನಿಯ ಚಿಪ್. ಮೊದಲ ಆವೃತ್ತಿಗೆ ಅವರು ನಕಲು ತಡೆಯುವ ಬೀಗ ಹಾಕಿರಲಿಲ್ಲ. ಯಾರೋ ಒಳಗಿದ್ದದ್ದನ್ನು ಪೂರ್ತಿ ಎತ್ತಿಕೊಂಡರು, ಅಲ್ಲಿಂದ ನಕಲಿನ ನಕಲಿನ ನಕಲು ಶುರುವಾಯಿತು. ಮೂಲ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಇಂದು ಐನೂರು, ಆರುನೂರಕ್ಕೆ ಸಿಗುವುದೆಲ್ಲ ನಕಲೇ. ನಕಲು ಎಂದು ಮೂಗು ಮುರಿಯಬೇಕಿಲ್ಲ, ಅದರಲ್ಲೂ ಕೆಲಸ ಮಾಡುವುದು ಇದೆ, ಮಾಡದ್ದೂ ಇದೆ.

ಇಲ್ಲೊಂದು ತಮಾಷೆ. ಪೆಟ್ಟಿಗೆಯ ಮೇಲೆ 2.1 ಎಂದು ಬರೆದದ್ದು 1.5 ಎಂದು ಬರೆದದ್ದಕ್ಕಿಂತ ಹೊಸದು, ಉತ್ತಮ ಎಂದುಕೊಂಡರೆ ಕೆಟ್ಟಿರಿ. ಮೂಲ ಕಂಪನಿ 1.5 ಎಂಬ ಆವೃತ್ತಿಯನ್ನು ಬಿಟ್ಟೇ ಇರಲಿಲ್ಲ, ಅದು ನಕಲು ಮಾಡಿದವರೇ ಇಟ್ಟ ಸಂಖ್ಯೆ. ಆದರೂ ಆ ಗುಂಪಿನ ಅಡಾಪ್ಟರುಗಳೇ ಹೆಚ್ಚು ಆಜ್ಞೆಗಳನ್ನು ಅರ್ಥ ಮಾಡಿಕೊಳ್ಳುತ್ತವೆ. 2.1 ಎಂದು ಬರೆದ ಅಗ್ಗದವು ಹಲವು ಆಜ್ಞೆಗಳನ್ನು ನುಂಗಿಹಾಕುತ್ತವೆ, ಹಳೆಯ ಕೆ-ಲೈನ್ ಭಾಷೆ ಮಾತಾಡುವ ಗಾಡಿಗೆ ಹಾಕಿದರೆ ಮಿಕಿಮಿಕಿ ನೋಡುತ್ತವೆ. ನಮ್ಮ ಗಾಡಿಗಳು ಕೆಲವು ಕ್ಯಾನ್ ಭಾಷೆಯವು, ಕೆಲವು ಕೆ-ಲೈನಿನವು. ಎರಡೂ ಬರುವ ಅಡಾಪ್ಟರೇ ಬೇಕು. ಕೊಳ್ಳುವಾಗ ಪಿಐಸಿ18ಎಫ್25ಕೆ80 ಚಿಪ್ ಎಂದು ಬರೆದಿದೆಯೇ ನೋಡಿ, ಅದು ತಕ್ಕಮಟ್ಟಿಗೆ ಒಳ್ಳೆಯ ಗುರುತು. ಆದರೆ ಬರೆದದ್ದೆಲ್ಲ ನಿಜವಲ್ಲ, ಆದ್ದರಿಂದ ವಾಪಸ್ ಕೊಡಲು ಅವಕಾಶ ಇರುವ ಕಡೆಯೇ ಕೊಳ್ಳಿ. ಬಂದ ದಿನವೇ ಇಎಲ್‌ಎಂ327 ಐಡೆಂಟಿಫೈಯರ್ ಎಂಬ ಉಚಿತ ಆ್ಯಪ್ ಹಾಕಿ ಪರೀಕ್ಷಿಸಿ. ಯಾವ ಆಜ್ಞೆ ಗೊತ್ತು, ಯಾವುದು ಗೊತ್ತಿಲ್ಲ ಎಂದು ಅದು ಪಟ್ಟಿ ಕೊಡುತ್ತದೆ.

ಐಫೋನ್ ಇರುವವರು ಗಮನಿಸಿ: ಮಾಮೂಲಿ ಬ್ಲೂಟೂತ್‌ನ ಅಗ್ಗದ ಅಡಾಪ್ಟರ್ ನಿಮ್ಮ ಫೋನಿಗೆ ಸಿಗುವುದಿಲ್ಲ. ವೈ-ಫೈ ಇರುವುದು ಅಥವಾ ಬ್ಲೂಟೂತ್ ಲೋ ಎನರ್ಜಿ ಎಂದು ಬರೆದಿರುವುದು ತೆಗೆದುಕೊಳ್ಳಿ. ಆಂಡ್ರಾಯ್ಡ್‌ನವರಿಗೆ ಈ ತಲೆನೋವಿಲ್ಲ. ಜೋಡಿಸುವಾಗ ಪಿನ್ ಕೇಳಿದರೆ 1234 ಅಥವಾ 0000.

ಕೇಬಲ್, ಅಡಾಪ್ಟರ್ ಎರಡೂ ಸೇರಿ ಸಾವಿರ, ಸಾವಿರದೈನೂರರ ಒಳಗೆ ಮುಗಿಯಬೇಕು. ಗ್ಯಾರೇಜಿನವರು ಇಟ್ಟುಕೊಳ್ಳುವ ಹಲವು ಕಂಪನಿಗಳ ಗಾಡಿಗೆ ಆಗುವ ಪರದೆಯ ಸ್ಕ್ಯಾನರಿಗೆ ಹತ್ತಾರು ಸಾವಿರ ಬೀಳುತ್ತದೆ. ಮನೆಯಲ್ಲಿ ಒಂದೆರಡು ಗಾಡಿ ಇರುವವರಿಗೆ ಅದು ದಂಡ. ವರ್ಷಕ್ಕೊಮ್ಮೆ ಬೇಕಾದರೆ ಗ್ಯಾರೇಜಿನವರಿಗೇ ಇನ್ನೂರು ಮುನ್ನೂರು ಕೊಟ್ಟು ಓದಿಸಿಕೊಳ್ಳಿ.

ಹೆಜ್ಜೆ 6: ಚುಚ್ಚುವ ಮುಂಚೆ ಮೀಟರಿನಲ್ಲಿ ಅಳೆಯಿರಿ

ಕೇಬಲ್ಲನ್ನು ಗಾಡಿಗೆ ಹಾಕಿ, ಅಡಾಪ್ಟರ್ ಇನ್ನೂ ಹಾಕಬೇಡಿ. ಹದಿನಾರು ಪಿನ್ನಿನ ತುದಿಯಲ್ಲಿ 16ನೇ ಪಿನ್ನು ಮತ್ತು 4ನೇ ಪಿನ್ನಿನ ಮಧ್ಯೆ ಬ್ಯಾಟರಿಯಷ್ಟೇ ವೋಲ್ಟೇಜ್ ಬರಬೇಕು. ಕೆಲವು ಗಾಡಿಯಲ್ಲಿ ಕೀ ಆನ್ ಮಾಡಿದ ಮೇಲೆ ಬರುತ್ತದೆ. ಮುಂದೆ ಮೈನಸ್ ಚಿಹ್ನೆ ತೋರಿಸಿದರೆ, ನೀವು ಕಪ್ಪು ಕಡ್ಡಿಯನ್ನು 4ಕ್ಕೇ ಇಟ್ಟಿದ್ದೀರಿ ಎಂದಾದರೆ, ಕೇಬಲ್ಲಿನ ಒಳಗೆ ವೈರು ಅದಲುಬದಲಾಗಿದೆ. ವಾಪಸ್ ಕಳಿಸಿ.

ಆಮೇಲೆ ಕೀ ಆಫ್ ಮಾಡಿ, 6 ಮತ್ತು 14ರ ಮಧ್ಯೆ ರೆಸಿಸ್ಟೆನ್ಸ್ ನೋಡಿ. 60 ಓಮ್ ಅಥವಾ 120 ಓಮ್ ಆಸುಪಾಸು ಬಂದರೆ ಗಾಡಿ ಕ್ಯಾನ್ ಭಾಷೆಯದು. ಏನೂ ಬಾರದಿದ್ದರೆ 7ನೇ ಪಿನ್ನಿನ ಕೆ-ಲೈನ್ ಇರಬಹುದು, ಆ್ಯಪ್‌ನಲ್ಲಿ ಪ್ರೊಟೊಕಾಲ್ ಆಟೊ ಬಿಟ್ಟು ಐಎಸ್‌ಓ 14230 ಎಂದು ನೀವೇ ಆರಿಸಿ ನೋಡಿ. "ಅಡಾಪ್ಟರ್ ಕೆಲಸ ಮಾಡ್ತಿಲ್ಲ" ಎಂದು ಎಸೆದದ್ದರಲ್ಲಿ ಎಷ್ಟೋ ಈ ಒಂದು ಆಯ್ಕೆಯಿಂದ ಬದುಕುತ್ತಿದ್ದವು.

ಆ್ಯಪ್‌ಗೆ ದುಡ್ಡು ಕೊಡುವ ಅವಸರ ಬೇಡ. ಟಾರ್ಕ್ ಲೈಟ್, ಕಾರ್ ಸ್ಕ್ಯಾನರ್ ಇವುಗಳ ಉಚಿತ ಆವೃತ್ತಿಯೇ ಕೋಡ್ ಓದಲು ಸಾಕು. ಎಂಜಿನ್ ಓಡಿಸಿ ನೋಡುವಾಗ ಗಾಡಿ ಅಂಗಳದಲ್ಲಿರಲಿ, ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆ ಕುಡಿಯಬೇಡಿ.

ಕೆಲಸ ಮುಗಿದ ಕೂಡಲೇ ಅಡಾಪ್ಟರ್ ಕಿತ್ತಿಡಿ. ಸುಮ್ಮನೆ ಕೂತಿದ್ದರೂ ಅದು ಸುಮಾರು 40 ಮಿಲಿಆಂಪಿಯರ್ ಕುಡಿಯುತ್ತಿರುತ್ತದೆ, ದಿನಕ್ಕೆ ಹತ್ತಿರ ಹತ್ತಿರ ಒಂದು ಆಂಪಿಯರ್-ಅವರ್. ಕಾರಿನ ದೊಡ್ಡ ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. 3 ಆಂಪಿಯರ್-ಅವರ್ ಬ್ಯಾಟರಿಯ ಸಣ್ಣ ಗಾಡಿ ಮೂರು ದಿನಕ್ಕೆ ಮಲಗುತ್ತದೆ.

ಹೆಜ್ಜೆ 7: ಕೋಡ್ ಬಂತು, ಈಗೇನು?

ಅಳಿಸುವ ಗುಂಡಿ ಒತ್ತುವ ಮುಂಚೆ ಸ್ಕ್ರೀನ್‌ಶಾಟ್ ತೆಗೆಯಿರಿ. ಅಳಿಸಿದರೆ ಕೋಡ್ ಮಾತ್ರ ಹೋಗುವುದಿಲ್ಲ, ತಪ್ಪು ಆದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ವೇಗದಲ್ಲಿತ್ತು ಎಂದು ಇಸಿಯು ಬರೆದಿಟ್ಟ ಚೀಟಿಯೂ ಹೋಗುತ್ತದೆ. ವಾರಂಟಿ ಇರುವ ಗಾಡಿಯಾದರೆ ಅಳಿಸಲೇಬೇಡಿ, ಹಾಗೇ ತೆಗೆದುಕೊಂಡು ಹೋಗಿ ತೋರಿಸಿ. ಯಾವ ಕಾರಣಕ್ಕೂ ವೈರು ಕತ್ತರಿಸಬೇಡಿ.

ಕೋಡಿನ ಅರ್ಥ ಹುಡುಕುವಾಗ ಕೊನೆಯ ಪದಕ್ಕೆ ಕಣ್ಣಿಡಿ. ಪಿ0122 ಎಂದರೆ ಥ್ರಾಟಲ್ ಸೆನ್ಸರ್ ಸಾಲಿನಲ್ಲಿ ವೋಲ್ಟೇಜ್ ಕಡಿಮೆ, ಪಿ0123 ಎಂದರೆ ಹೆಚ್ಚು. ಪಿ0117 ಮತ್ತು ಪಿ0118 ಎಂಜಿನ್ ಬಿಸಿಯ ಸೆನ್ಸರಿನ ಅಂಥದೇ ಜೋಡಿ. ಪಿ0562 ಎಂದರೆ ಇಡೀ ಗಾಡಿಗೇ ಕರೆಂಟು ಸಾಲುತ್ತಿಲ್ಲ, ಮೂರನೇ ಹೆಜ್ಜೆಗೆ ಹಿಂತಿರುಗಿ.

ಕೋಡಿಗಿಂತ ನನಗೆ ಪ್ರೀತಿ ಲೈವ್ ಡೇಟಾದ ಮೇಲೆ, ಅಂದರೆ ಸೆನ್ಸರುಗಳ ಆ ಕ್ಷಣದ ಓದುಗಳ ಮೇಲೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್, ಕೀ ಮಾತ್ರ ಆನ್. ಎಂಜಿನ್ ಬಿಸಿ, ಒಳಗಿನ ಗಾಳಿಯ ಬಿಸಿ ಎರಡೂ ಹೊರಗಿನ ಹವೆಯಷ್ಟೇ ಇರಬೇಕು. ಹೊರಗೆ 22 ಡಿಗ್ರಿ ಇರುವಾಗ ಮೈನಸ್ 40 ತೋರಿಸಿದರೆ ಗಾಡಿ ಹಿಮಾಲಯಕ್ಕೆ ಹೋಗಿಲ್ಲ, ಸೆನ್ಸರಿನ ವೈರು ಎಲ್ಲೋ ಬಿಟ್ಟಿದೆ. ಇಲ್ಲಿ ಒಂದು ಉಪಾಯ: ಆ ಸೆನ್ಸರಿನ ಕನೆಕ್ಟರ್ ಬಿಚ್ಚಿ, ಸೆನ್ಸರಿನದೇ ರೆಸಿಸ್ಟೆನ್ಸ್ ಅಳೆಯಿರಿ. ತಣ್ಣಗಿದ್ದಾಗ ಸಾಮಾನ್ಯವಾಗಿ ಒಂದೆರಡು ಸಾವಿರ ಓಮ್, ಎಂಜಿನ್ ಬಿಸಿಯಾದಂತೆ ಇಳಿಯುತ್ತದೆ. ಹೀಗೆ ಇಳಿಯುತ್ತಿದ್ದರೆ ಸೆನ್ಸರ್ ಬದುಕಿದೆ, ತಪ್ಪು ವೈರಿನದು. ಹೊಸ ಸೆನ್ಸರಿನ ದುಡ್ಡು ಉಳಿಯಿತು.

ಥ್ರಾಟಲ್ ನಿಧಾನಕ್ಕೆ ತಿರುಗಿಸಿದರೆ ಅಂಕಿ ಜಾರುಬಂಡಿಯ ಹಾಗೆ ನಯವಾಗಿ ಏರಬೇಕು, ನಡುವೆ ಹಾರಬಾರದು. ಬಿಸಿಯಾದ ಎಂಜಿನ್ನಿನಲ್ಲಿ ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟಿನ ಮಧ್ಯೆ ಏರಿಳಿಯುತ್ತಿರಬೇಕು. ಭಾವನ ಗಾಡಿಯದು ಸೊನ್ನೆಯ ಹತ್ತಿರವೇ ಅಂಟಿಕೊಂಡಿತ್ತು. ಪೆಟ್ರೋಲ್ ಸಾಲುತ್ತಿಲ್ಲ ಎಂದು ತಿಳಿದ ಇಸಿಯು ಇನ್ನೂ ಇನ್ನೂ ಸುರಿಯುತ್ತಿತ್ತು, ಹಸಿ ವಾಸನೆ ಬಂದದ್ದು ಅದಕ್ಕೆ. ಕನೆಕ್ಟರ್ ಬಿಚ್ಚಿ, ಸೆನ್ಸರಿನ ಸಿಗ್ನಲ್ ವೈರಿಗೂ ಫ್ರೇಮಿಗೂ ಕಂಟಿನ್ಯುಟಿ ಇಟ್ಟು ವೈರುಗಳ ಕಟ್ಟು (ಹಾರ್ನೆಸ್) ಅಲುಗಾಡಿಸಿದಾಗ ಮೀಟರ್ ಬೀಪ್ ಎಂದಿತು. ಟೇಪು, ಸ್ಲೀವು, ಅರ್ಧ ಗಂಟೆ.

ಯಾವುದಕ್ಕೆ ದುಡ್ಡು ಹಾಕಬಾರದು

ಓಬಿಡಿಗೆ ಚುಚ್ಚಿದರೆ ಮೈಲೇಜ್ ಏರುತ್ತದೆ, ಪಿಕಪ್ ಹೆಚ್ಚುತ್ತದೆ ಎಂದು ಮಾರುವ ಪುಟ್ಟ ಡಬ್ಬಿಗಳು. ಒಳಗೆ ಮಿನುಗುವ ಎಲ್‌ಇಡಿ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ.

ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್‌ನ ದೀಪಕ್ಕಾಗಿ ಅಗ್ಗದ ಅಡಾಪ್ಟರ್ ಕೊಳ್ಳುವುದೂ ವ್ಯರ್ಥ, ಅದು ಓದುವುದು ಎಂಜಿನ್ನಿನ ಕೋಡ್ ಮಾತ್ರ. 2019ರಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾದ್ದರಿಂದ ಈ ಪ್ರಶ್ನೆ ಪದೇ ಪದೇ ಬರುತ್ತದೆ. ಗಾಡಿ ಹೊರಟು ಸ್ವಲ್ಪ ವೇಗ ಹಿಡಿಯುವವರೆಗೆ ಆ ದೀಪ ಉರಿಯುವುದು ಸಹಜ. ಆಮೇಲೂ ಆರದಿದ್ದರೆ ಚಕ್ರದ ಬಳಿಯ ಸೆನ್ಸರ್, ಅದರ ಎದುರಿನ ತೂತುತೂತಿನ ಬಳೆ ಎರಡರ ಕೆಸರು ಒರೆಸಿ ನೋಡಿ. ಹೋಗದಿದ್ದರೆ ಶೋರೂಮಿಗೆ ಹೋಗಿ. ಬ್ರೇಕಿನ ವಿಷಯದಲ್ಲಿ ಜಗಲಿಯ ಪ್ರಯೋಗ ಬೇಡ.

ಕೊನೆಗೆ ಮೀಟರಿನದೇ ಒಂದು ಮಾತು. ಅದರೊಳಗಿನ 9 ವೋಲ್ಟಿನ ಬ್ಯಾಟರಿ ಇಳಿದಾಗ ಅಗ್ಗದ ಮೀಟರುಗಳು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತವೆ. ಗಾಡಿಯ ಚಾರ್ಜಿಂಗ್ ಒಮ್ಮೆಲೇ 16 ವೋಲ್ಟ್ ಕಂಡರೆ, ರೆಗ್ಯುಲೇಟರ್ ತರಲು ಓಡುವ ಮುಂಚೆ ಪರದೆಯ ಮೂಲೆಯಲ್ಲಿ ಬ್ಯಾಟರಿಯ ಪುಟ್ಟ ಚಿತ್ರ ಮೂಡಿದೆಯೇ ನೋಡಿ.